ನಾಲೆ ಬೀದಿಯ ಅನಧಿಕೃತ ಬೆಳಕು

ವಿದ್ಯುತ್ ಇಲ್ಲವೆಂದು ಕಚೇರಿಯೇ ಹೇಳಿರುವ ಜಾಗದಲ್ಲಿ ಬಲ್ಬು ಉರಿಯುವುದು ಶಿಸ್ತಿನ ಲಕ್ಷಣವಲ್ಲ. ಬೆಳಗೊಳದ ಆಚೆ, ನಾಲೆ ಏರಿಯ ಪಕ್ಕದ ಬೀದಿಯಲ್ಲಿ ಕಳೆದ ಶ್ರಾವಣದಲ್ಲಿ ಇಂಥದೊಂದು ಅಶಿಸ್ತು ನಡೆಯಿತು. ಸಂಬಂಧಪಟ್ಟವರು ಅದನ್ನು ಹೇಗೆ ಸರಿಪಡಿಸಿದರು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ಹೇಳಲಾಗಿದೆ.

ಆ ಬೀದಿಗೆ ಕರೆಂಟು ಕೊಡುತ್ತಿದ್ದ ಟಿ.ಸಿ., ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು, ಯುಗಾದಿಯ ಹೊತ್ತಿಗೆ ಢಮ್ಮೆಂದು ಸುಟ್ಟುಹೋಗಿತ್ತು. ಬೇರೆಯದು ಕೇಳಲು ಹೋದವರಿಗೆ ವಿದ್ಯುತ್ ಕಚೇರಿಯವರು, ಸುಟ್ಟದ್ದನ್ನು ತಂದುಕೊಟ್ಟರೆ ಕೊಡುತ್ತೇವೆ ಎಂದರು. ಟ್ರಾಕ್ಟರು ತಂದಾಗ, ಕಂಬದಿಂದ ಇಳಿಸುವ ಅಧಿಕಾರ ಇಲಾಖೆಗೆ ಮಾತ್ರ ಎಂದರು. ಹಾಗಾದರೆ ನೀವೇ ಇಳಿಸಿ ಎಂದಾಗ, ಹೊಸದು ಬಾರದೆ ಹಳೆಯದನ್ನು ಇಳಿಸುವಂತಿಲ್ಲ ಎಂದರು. ಇದರಲ್ಲಿ ಯಾರ ತಪ್ಪೂ ಇಲ್ಲ.

ಬೀದಿಯ ಕೊನೆ ಮನೆಯ ಪ್ರೇಮಮ್ಮ ನಾಟಿಕೋಳಿ ಸಾಕುವವಳು. ಮೊಟ್ಟೆಯೊಡೆದು ಬಂದ ಮರಿಗಳಿಗೆ ಕೆಲವು ವಾರ ಬಲ್ಬಿನ ಶಾಖ ಬೇಕು. ಆಷಾಢದ ಗಾಳಿಗೆ ಮರಿಗಳೆಲ್ಲ ಒಂದು ಮೂಲೆಗೆ ಒತ್ತರಿಸಿಕೊಂಡು, ಒಂದರ ಮೇಲೊಂದು ಬಿದ್ದು ಸತ್ತವು. ಅವನ್ನು ಮಂಕರಿಯಲ್ಲಿ ತುಂಬಿಕೊಂಡು ಹೋಗಿ ಗುಂಡಿ ತೋಡಿ ಮುಚ್ಚಿ ಬಂದ ಪ್ರೇಮಮ್ಮ ಅಳಲಿಲ್ಲ. ಮುಸುರೆ ತಿಕ್ಕಿದಳು, ಹಸುವಿಗೆ ಹುಲ್ಲು ಹಾಕಿದಳು, ಆಮೇಲೆ ಗಂಡ ಸಣ್ಣಯ್ಯನ ಮುಂದೆ ಬಂದು ನಿಂತಳು.

"ಇನ್ಮ್ಯಾಕೆ ಅವ್ರ ಕರೆಂಟು ನಂಗೆ ಬ್ಯಾಡ ಕಣಿ. ನಾನೇ ಮಾಡ್ಕತೀನಿ."

"ಕರೆಂಟೇನು ಮುದ್ದೆನಾ, ಮಾಡ್ಕಳಕೆ?" ಅಂದ ಸಣ್ಣಯ್ಯ.

ಪ್ರೇಮಮ್ಮನ ತಮ್ಮ ಕನಕರಾಜು ಬಾಬುರಾಯನಕೊಪ್ಪಲಿನಲ್ಲಿ ಗುಜರಿ ಅಂಗಡಿ ಇಟ್ಟಿದ್ದ. ಮೈಸೂರಿನ ಜಿಮ್ಮೊಂದು ಬಾಗಿಲು ಹಾಕಿದಾಗ, ಜನ ನಿಂತಲ್ಲೇ ಓಡುವ ಯಂತ್ರವೊಂದು ಅವನ ಅಂಗಡಿಗೆ ತೂಕಕ್ಕೆ ಬಂದು ಬಿದ್ದಿತ್ತು.

"ಇದ್ರೊಳಗೆ ಅಯಸ್ಕಾಂತದ ಮೋಟ್ರು ಅದೆ ಕಣಕ್ಕ. ಕರೆಂಟು ಕೊಟ್ರೆ ತಿರುಗ್ತದೆ. ನಾವೇ ತಿರುಗಿಸುದ್ರೆ ಕರೆಂಟು ಕೊಡ್ತದೆ," ಅಂದ ಕನಕರಾಜು.

"ಈಸ್ಕಂಡಿದ್ದ ವಾಪಸ್ ಕೊಡೋ ವಸ್ತು ಒಂದಾದ್ರೂ ಅದೆ ಅನ್ನು," ಅಂದಳು ಪ್ರೇಮಮ್ಮ.

ಅಕ್ಕತಮ್ಮ ಸೇರಿ ಸೈಕಲ್ ರಿಮ್ಮುಗಳಿಗೆ ಡ್ರಮ್ಮಿನ ತಗಡು ಕಟ್ಟಿ, ತೂಬಿನ ನೀರು ಧುಮುಕುವ ಕಡೆ ಚಕ್ರ ನಿಲ್ಲಿಸಿದರು. ಚಕ್ರದಿಂದ ಮೋಟಾರಿಗೆ ಬೆಲ್ಟು, ಮೋಟಾರಿನಿಂದ ಟ್ರಾಕ್ಟರಿನ ಹಳೇ ಬ್ಯಾಟರಿಗೆ ತಂತಿ. ಬೆಲ್ಟು ಮೊದಮೊದಲು ಜಾರಿತು, ರಿಮ್ಮೊಂದು ಸೊಟ್ಟಗಾಯಿತು, ಸಣ್ಣಯ್ಯ ನಾಲೆಗೆ ಬಿದ್ದ. ಕೊನೆಗೆ ಕೋಳಿಗೂಡಿನಲ್ಲಿ ಟ್ರಾಕ್ಟರಿನ ಹೆಡ್‌ಲೈಟು ಬಲ್ಬು ಉರಿಯಿತು. ಹೊಸದಾಗಿ ಒಡೆದು ಬಂದ ಮರಿಗಳು ಅದರ ಕೆಳಗೆ ರೆಕ್ಕೆ ಹರಡಿ ಮಲಗಿದವು. ಪ್ರೇಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಆಗಲೇ. ಪಕ್ಕದ ಮನೆಯ ಪುಟ್ಟತಾಯಮ್ಮ ಬಂದು "ನಂಗೊಂದು ಎಳೆ ತಂತಿ ಕೊಡವ್ವ" ಅಂದಳು. ಹಾಗೆ ಒಬ್ಬೊಬ್ಬರಾಗಿ ಬೀದಿಯವರೆಲ್ಲ ಸಣ್ಣ ಬಲ್ಬು ಹಾಕಿಕೊಂಡರು.

ಇದು ಲೈನ್‌ಮನ್ ಪುಟ್ಟಸ್ವಾಮಿಯ ಕಣ್ಣಿಗೆ ಬಿತ್ತು.

"ಪ್ರೇಮಕ್ಕ, ನಿಮ್ಮನೇಲಿ ಲೈಟು ಉರೀತಾ ಅದೆ."

"ಊ ಕಣ್ಲಾ."

"ಇಲ್ಲಿ ಕರೆಂಟಿಲ್ವಲ್ಲ."

"ಇಲ್ಲ ಕಣ್ಲಾ."

"ಮತ್ತೆ ಯಾರ್ನ ಕೇಳಿ ಉರೀತಾ ಅದೆ?"

ಮಾರನೆಯ ದಿನ ಕಿರಿಯ ಎಂಜಿನಿಯರ್ ಧರ್ಮೇಂದ್ರ ಜೀಪಿನಲ್ಲಿ ಬಂದರು. ಚಕ್ರದ ಸುತ್ತ ಓಡಾಡಿ ನೋಡಿ, ಇದು ವಿದ್ಯುತ್ ಕಳ್ಳತನ ಎಂದರು.

"ಲೈನಲ್ಲಿ ಕರೆಂಟೇ ಇಲ್ವಲ್ಲ ಸಾ, ಏನ ಕದೀಲಿ?"

"ನೋಡಮ್ಮಾ, ವಿದ್ಯುತ್ ಅನ್ನೋದು ಎಲ್ಲೇ ಹುಟ್ಟಿದರೂ ಇಲಾಖೆಗೆ ಸೇರಿದ್ದು. ನಿಮ್ಮ ಮನೇಲಿ ಹುಟ್ಟಿದೆ ಅಂದರೆ ದಾರಿ ತಪ್ಪಿ ಬಂದಿದೆ ಅಂತ ಅರ್ಥ. ಮೋಟಾರು ಜಪ್ತಿ."

ಪುಟ್ಟಸ್ವಾಮಿ ತಲೆ ತಗ್ಗಿಸಿಕೊಂಡು ಬೆಲ್ಟು ಬಿಚ್ಚಿದ. ಬ್ಯಾಟರಿಯನ್ನೂ ಜೀಪಿಗಿಟ್ಟ. ಪ್ರೇಮಮ್ಮ ಅಡ್ಡ ಬರಲಿಲ್ಲ. ಒಳಗೆ ಹೋಗಿ ಮರಿಗಳನ್ನೆಲ್ಲ ಮಂಕರಿಗೆ ತುಂಬಿ ತಂದು ಜೀಪಿನಲ್ಲಿ ಕೂತಿದ್ದ ಧರ್ಮೇಂದ್ರರ ತೊಡೆಯ ಮೇಲಿಟ್ಟಳು.

"ಮೋಟ್ರು ತಕಂಡೋಯ್ತಿದ್ದೀರಿ, ಇವನ್ನೂ ತಕಂಡೋಗಿ. ಎದೇಗವುಚ್ಕಂಡು ಸಾಕಿ. ಇನ್ನೊಂದ್ಸಲ ಗುಂಡಿ ತೋಡೋ ಕಸುವು ನಂಗಿಲ್ಲ."

ಜಪ್ತಿ ಮಾಲಿಗೆ ಅಂಟಿಕೊಂಡ ಮಾಲೂ ಜಪ್ತಿಯೇ ಆದ್ದರಿಂದ ಧರ್ಮೇಂದ್ರರು ಮಂಕರಿ ಹಿಡಿದುಕೊಂಡೇ ಶ್ರೀರಂಗಪಟ್ಟಣಕ್ಕೆ ಹೋದರು.

ಮರಿಗಳನ್ನು ಕಚೇರಿಯಲ್ಲಿ ಮೇಜಿನ ದೀಪದ ಕೆಳಗೆ ಇರಿಸಲಾಯಿತು. ಹಿರಿಯ ಅಧಿಕಾರಿ ನಾಗಾರ್ಜುನರು ಈ ಕುರಿತು ಸಭೆ ಕರೆದರು. ಸಭೆಯ ನಡುವೆ ಕರೆಂಟು ಹೋಯಿತು. ಕಚೇರಿಯಲ್ಲಿ ಕರೆಂಟು ಹೋದರೆ ದೂರು ಕೊಡಬೇಕಾದದ್ದು ಕಚೇರಿಗೇ ಆದ್ದರಿಂದ ಯಾರೂ ಕೊಡಲಿಲ್ಲ. ಹೊರಗೆ ಜಡಿಮಳೆ. ಮರಿಗಳು ಚಳಿಗೆ ಕಿರುಚತೊಡಗಿದವು. ಮೊದಲು ಪುಟ್ಟಸ್ವಾಮಿ ಎರಡು ಮರಿಗಳನ್ನು ಅಂಗಿ ಜೇಬಿಗೆ ಹಾಕಿಕೊಂಡ. ಅವನನ್ನು ನೋಡಿ ಧರ್ಮೇಂದ್ರರೂ ಹಾಕಿಕೊಂಡರು. ಕೊನೆಗೆ ನಾಗಾರ್ಜುನರೂ ಕೋಟಿನ ಒಳಗೆ ನಾಲ್ಕನ್ನು ಇಟ್ಟುಕೊಂಡು ಸಭೆ ಮುಂದುವರಿಸಿದರು. ಮಾತಾಡಿದವರ ಎದೆಯಿಂದೆಲ್ಲ ಚಿಂವ್ ಚಿಂವ್ ಸದ್ದು ಬರುತ್ತಿದ್ದರಿಂದ ಯಾವ ಆಕ್ಷೇಪಣೆಯೂ ಸರಿಯಾಗಿ ಕೇಳಿಸಲಿಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಧರ್ಮೇಂದ್ರರು ಮೋಟಾರು, ಬ್ಯಾಟರಿ, ಮರಿಗಳ ಸಮೇತ ಬಂದು ಆ ನಿರ್ಣಯವನ್ನು ಬೀದಿಯಲ್ಲಿ ಓದಿದರು:

"ನಾಲೆ ಬೀದಿಯಲ್ಲಿ ದೀಪಗಳು ಉರಿದಿರುವುದರಿಂದ ಟಿ.ಸಿ. ಸುಟ್ಟ ದೂರು ಇತ್ಯರ್ಥವಾಗಿದೆ. ಟಿ.ಸಿ. ಇಲ್ಲದೆ ದೀಪ ಉರಿಯಲು ಸಾಧ್ಯವಿಲ್ಲದ ಕಾರಣ, ಶ್ರೀಮತಿ ಪ್ರೇಮಮ್ಮನವರನ್ನು ಮುಂದಿನ ಆದೇಶದವರೆಗೆ ತಾತ್ಕಾಲಿಕ ಟಿ.ಸಿ. ಎಂದು ಪರಿಗಣಿಸತಕ್ಕದ್ದು. ಸದರಿ ಟಿ.ಸಿ. ಅನುಮತಿಯಿಲ್ಲದೆ ಸ್ಥಳ ಬದಲಾಯಿಸುವಂತಿಲ್ಲ. ಅನಧಿಕೃತ ವ್ಯಕ್ತಿಗಳು ಮುಟ್ಟುವಂತಿಲ್ಲ. ಮರಿಗಳು ಇಲಾಖೆಯ ಸ್ವತ್ತಾಗಿದ್ದು, ಬೆಳೆದು ಹುಂಜಗಳಾದ ಬಳಿಕ ಭಾನುವಾರಗಳಂದು ಪರಿಶೀಲನೆಗೆ ಒಳಪಡುವವು."

"ನಾನು ಟಿ.ಸಿ.ನಾ?" ಅಂದಳು ಪ್ರೇಮಮ್ಮ.

"ತಾತ್ಕಾಲಿಕ," ಎಂದರು ಧರ್ಮೇಂದ್ರರು.

ಪ್ರೇಮಮ್ಮ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಪುಟ್ಟಸ್ವಾಮಿ ಬೆಲ್ಟು ಹಾಕಿದ್ದ, ಚಕ್ರ ತಿರುಗಿತ್ತು, ಬಲ್ಬು ಹತ್ತಿ ಮರಿಗಳು ಅದರಡಿ ಓಡಿದ್ದವು. ಆಕೆ ಅವನ್ನೇ ನೋಡುತ್ತಾ ಬಾಯಿ ಮುಚ್ಚಿಕೊಂಡಳು. ಮನೆಯ ಜಗಲಿಗೆ ತಲೆಬುರುಡೆ ಚಿತ್ರದ 'ಅಪಾಯ' ಫಲಕ ಹೊಡೆಯಲಾಯಿತು. ಸಣ್ಣಯ್ಯ ತಾನು ಅನಧಿಕೃತ ವ್ಯಕ್ತಿ ಹೌದೋ ಅಲ್ಲವೋ ಎಂದು ತಿಳಿಯಲು ಅರ್ಜಿ ಕೊಟ್ಟ. ಅದು ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಅವನು ನಡುಮನೆಯಲ್ಲಿ ಮಲಗುತ್ತಾನೆ. ಹೊಸಹೊಳಲಿನಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಪ್ರೇಮಮ್ಮನಿಗೆ ಹೋಗಲಾಗಲಿಲ್ಲ, ಬದಲಿ ಟಿ.ಸಿ. ಸಿಗಲಿಲ್ಲ.

ಆಮೇಲೆ ಇನ್ನೊಂದು ಆದೇಶ ಬಂತು. ಸುತ್ತಲ ಊರುಗಳಿಗೆ ಕರೆಂಟಿಲ್ಲದ ಹೊತ್ತಿನಲ್ಲಿ ಈ ಬೀದಿಗೆ ಮಾತ್ರ ಇರುವುದು ಸಮಾನತೆಗೆ ವಿರುದ್ಧ. ಆದ್ದರಿಂದ ದಿನವೂ ಸಂಜೆ ಸರಬರಾಜು ನಿಲ್ಲಿಸತಕ್ಕದ್ದು. ಇಲಾಖೆಯ ಸ್ವತ್ತಾದ ಮರಿಗಳಿಗೆ ಇದು ಅನ್ವಯಿಸುವುದಿಲ್ಲ. ಮೊದಮೊದಲು ಪ್ರೇಮಮ್ಮ ಬೀದಿಯ ತಂತಿಗಳನ್ನು ಕಳಚುವಾಗ ಬೇಜಾರು ಮಾಡಿಕೊಳ್ಳುತ್ತಿದ್ದಳು. ಬರಬರುತ್ತಾ ಅಭ್ಯಾಸವಾಯಿತು. ಯಾರಾದರೂ ಜಗಳವಾಡಿದ ದಿನ ಸ್ವಲ್ಪ ಬೇಗನೆ ಕಳಚುವುದೂ ಉಂಟು.

ಮೊನ್ನೆ ಸಂಜೆ ಅಡುಗೆಯ ಹೊತ್ತಿಗೆ ಬೀದಿಯೆಲ್ಲ ಕತ್ತಲಾಯಿತು. ಪುಟ್ಟತಾಯಮ್ಮ ತಡವರಿಸುತ್ತಾ ಬಂದು ಫಲಕದ ಮುಂದೆ, ನಿಯಮದಂತೆ ನಾಲ್ಕು ಅಡಿ ದೂರದಲ್ಲಿ, ನಿಂತಳು. ಪ್ರೇಮಮ್ಮ ಕಳಚಿದ ತಂತಿಯನ್ನು ಮಡಿಲಲ್ಲಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತಿದ್ದಳು. ಹಿಂದೆ ಕೋಳಿಗೂಡು ಝಗಝಗಿಸುತ್ತಿತ್ತು.

"ಪ್ರೇಮ, ಕರೆಂಟು ಯಾವಾಗ ಬತ್ತದವ್ವ?"

ಪ್ರೇಮಮ್ಮ ಎಲೆಯನ್ನು ಮಡಿಸಿ ದವಡೆಗಿಟ್ಟುಕೊಂಡಳು.

"ಮ್ಯಾಲಿಂದ್ಲೇ ಇಲ್ಲ ಕಣವ್ವ. ನಮ್ ಕೈಲೇನದೆ?"

"ಅಂಗಾದ್ರೆ ಸರಿ ಬುಡು," ಅಂದಳು ಪುಟ್ಟತಾಯಮ್ಮ. ಕೋಳಿಗೂಡಿನ ಬೆಳಕು ಬೀಳುವಷ್ಟು ದೂರ ಅದರ ಜಾಡಿನಲ್ಲೇ ನಡೆದು, ಅಲ್ಲಿಂದ ಮುಂದೆ ಗೋಡೆ ಹಿಡಿದುಕೊಂಡು ಮನೆಗೆ ಹೋದಳು.