ಒಳ ಉಡುಪಿ, ಆರು

ಪುಳ್ಳಿ, ಆ ಪೆನ್ನು ಸ್ವಲ್ಪ ಕೆಳಗಿಡು. ಮೊದಲು ಕಾಲು ಮಡಚಿ ಸರಿಯಾಗಿ ಕೂತುಕೋ, ಬೆನ್ನಿಗೆ ಗೋಡೆ ಉಂಟಲ್ಲ, ಒರಗು. ನಾನು ಹೇಳುತ್ತೇನೆ, ನಕ್ಕು ಮುಗಿದ ಮೇಲೆ ಬರೆದುಕೋ. ನಮ್ಮ ಕಾಪುವಿನ ಮನೆಯಲ್ಲಿ ಯಾರಾದರೂ ಪ್ರಯಾಣಕ್ಕೆಂದು ಪೆಟ್ಟಿಗೆ ತುಂಬಿಸಿದರೆ ಎಂತದಾದರೂ ಒಂದು ಆಗದೆ ಹೋದದ್ದೇ ಇಲ್ಲ. ಆದರೆ ನನ್ನ ಮಗಳು, ಅಂದರೆ ನಿನ್ನ ಅಮ್ಮ, ಏಳನೇ ಕ್ಲಾಸಿನ ರಜೆಯಲ್ಲಿ ಕಾರ್ಕಳದ ಶಿಬಿರಕ್ಕೆ ಹೋದಾಗ ಆದದ್ದನ್ನು ನೆನೆದರೆ ನನಗೆ ಇವತ್ತಿಗೂ ಮೂಗಿನ ಮೇಲೆ ಬೆರಳು.

೧. ಪಟ್ಟಿ

ಊರಿಗೆ ಟಿ.ವಿ. ಬಾರದ ಕಾಲ ಅದು. ಶಾಲೆಯಿಂದ ಒಂದು ಚೀಟಿ ಬಂತು. ಏಳು ದಿನದ ಬೇಸಿಗೆ ಶಿಬಿರ, ಪಟ್ಟಿಯಲ್ಲಿ ಇದ್ದದ್ದೆಲ್ಲ ಪೆಟ್ಟಿಗೆಯಲ್ಲಿ ಇರಬೇಕು, ಇಲ್ಲದವರನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎಂದು ಟೀಚರ್ ಹೇಳಿದ್ದರಂತೆ. ನಮ್ಮ ಓಣಿಯ ಯಾವ ಹುಡುಗಿಯೂ ಅದುವರೆಗೆ ಹಾಗೆ ಹೋದವಳಲ್ಲ. ನನಗಂತೂ ನನ್ನ ಮಗಳು ವಿಮಾನ ಹತ್ತುತ್ತಾಳೆ ಎಂಬಷ್ಟು ಬೆರಗು. ನನ್ನ ಅತ್ತೆಯದ್ದು ಮಾತ್ರ ಒಂದೇ ಮಾತು: ಹೆಣ್ಣು ಮಗು ಬೇರೆ ಸೂರಿನಡಿ ಮಲಗುವುದು ಬೇಡ. ನಿನ್ನ ಅಜ್ಜ ಆಚೆಗೂ ಇಲ್ಲ, ಈಚೆಗೂ ಇಲ್ಲ, "ನೋಡುವ" ಎಂದುಬಿಟ್ಟಿದ್ದರು.

ನನಗೆ ಓದು ಇಲ್ಲ. ಅಜ್ಜ ದೋಣಿಗೆ ಹೋಗುವವರು, ಬಸ್ಸಿನ ಬೋರ್ಡು ನೋಡಿ ನೋಡಿಯೇ ಅಕ್ಷರ ಕಲಿತವರು. ಜಗಲಿಯಲ್ಲಿ ಕೂತು ಪಟ್ಟಿ ಓದಿದರು. ಲೋಟ, ಒಂದು. ಹೊದಿಕೆ, ಒಂದು. ಆಮೇಲೆ ಬೆರಳು ಒಂದು ಕಡೆ ನಿಂತಿತು.

"ಒಳ ಉಡುಪಿ, ಆರು."

"ಉಡುಪಿಯಲ್ಲಿ ಒಳಗಿನದು ಹೊರಗಿನದು ಅಂತ ಉಂಟಾ?" ಎಂದೆ.

ಅವರು ತುಂಬ ಹೊತ್ತು ಯೋಚಿಸಿದರು. ಹೊರಗಿನದು ಮಣಿಪಾಲ ಇರಬೇಕು, ಆರು ಎಂದರೆ ಬೆಳಿಗ್ಗೆ ಆರು ಗಂಟೆ, ಮಗಳನ್ನು ಆ ಹೊತ್ತಿಗೆ ಪೇಟೆಯ ನಡುವಿಗೆ ಮುಟ್ಟಿಸಬೇಕು, ಅಲ್ಲಿಂದ ಶಿಬಿರದ ಬಸ್ಸು ಎಂದು ಬಿಡಿಸಿ ಹೇಳಿದರು. ಇಷ್ಟು ಸಣ್ಣ ಬರಹದಿಂದ ಇಷ್ಟು ದೊಡ್ಡ ಅರ್ಥ ತೆಗೆದರಲ್ಲ ಎಂದು ನಾನು ಅವರನ್ನೇ ನೋಡುತ್ತಾ ಕೂತೆ.

ಸಂಜೆ ಮಗಳು ಬಂದು ಚೀಟಿ ನೋಡಿ ನನ್ನ ಕಿವಿಯಲ್ಲಿ ಹೇಳಿದಳು: "ಅದು ಉಡುಪಿ ಅಲ್ಲ ಅಮ್ಮ, ಉಡುಪು. ಚಡ್ಡಿ."

ನಾನು ಅಜ್ಜನಿಗೆ ಹೇಳಿದೆ. ಅವರು ಬೈರಾಸು ಹೆಗಲಿಗೆ ಹಾಕಿ ಸೀದಾ ಕಡಲ ಬದಿಗೆ ಹೋದವರು ಊಟಕ್ಕೇ ಬಂದದ್ದು. ಊಟದ ನಡುವೆ ಕೇಳಿದ್ದು ಒಂದೇ: "ಅಷ್ಟು ದೊಡ್ಡ ಊರಿನ ಹೆಸರನ್ನು ಚಡ್ಡಿಗೆ ಇಟ್ಟವರು ಯಾರು ಮಾರಾಯ್ತಿ?"

೨. ಒಳಗಿನದು

ಮರುದಿನ ಉಡುಪಿಯ ಒಂದು ಬಟ್ಟೆ ಅಂಗಡಿಗೆ ಹೋದೆ. ಅಂಗಡಿ ತುಂಬ ಗಂಡಸರು. ಚಡ್ಡಿ ಎನ್ನಲು ನಾಲಿಗೆ ಏಳಲಿಲ್ಲ. "ಒಳಗಿನದು ತೋರಿಸಿ" ಎಂದು ಪಿಸುಗುಟ್ಟಿದೆ. ಸಾಹುಕಾರರು ಎದ್ದು ನಿಂತು, ಮರ್ಯಾದೆಯಿಂದ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ, ಚಾಪೆ ಹಾಸಿ, ಮದುವೆಯ ಪಟ್ಟೆಸೀರೆಗಳನ್ನು ಒಂದೊಂದಾಗಿ ಬಿಡಿಸಿದರು. ಹನ್ನೊಂದು ಸೀರೆ ನೋಡಿದೆ ಪುಳ್ಳಿ. ಅಷ್ಟು ಬಣ್ಣ ಲೋಕದಲ್ಲಿ ಉಂಟೆಂದು ಗೊತ್ತೇ ಇರಲಿಲ್ಲ, ನಿಲ್ಲಿಸಿ ಎನ್ನಲು ಮನಸ್ಸು ಬರಲಿಲ್ಲ.

ಹನ್ನೆರಡನೆಯದಕ್ಕೆ ಸತ್ಯ ಹೇಳಿದೆ. ಪಾಪ, ಅವರು ಬೇಸರ ಮಾಡಲಿಲ್ಲ. ಸೀರೆ ಮಡಚಿಟ್ಟು ಒಂದು ಡಬ್ಬಿ ತಂದರು. ಸೊಂಟಕ್ಕೆ ಇಲಾಸ್ಟಿಕ್ ಇರುವ ಹೊಸ ನಮೂನೆಯ ಚಡ್ಡಿ. ಮಗು ಬೆಟ್ಟ ಹತ್ತಬೇಕು, ಓಡಬೇಕು, ಇದು ಕಚ್ಚುವುದಿಲ್ಲವಾ ಎಂದು ಕೇಳಿದೆ. ಅವರು ಎರಡು ಕೈಯಿಂದ ಎಳೆದು ತೋರಿಸಿದರು. ಒಂದು ಬದಿ ಕೈಜಾರಿ ಹೆಬ್ಬೆರಳಿಗೆ ಪಟೀರೆಂದು ಬಡಿಯಿತು. ಆ ಬೆರಳನ್ನು ಬಾಯಲ್ಲಿ ಇಟ್ಟುಕೊಂಡೇ ಹೇಳಿದರು: "ತುಂಬಾ ಆರಾಮ ಅಮ್ಮ."

೩. ಬರಹ

ನಾನೇ ಹೊಲಿಯುವುದೆಂದು ನಿಶ್ಚಯ ಮಾಡಿದೆ. ಬೇಕರಿಯಿಂದ ಆರು ಮೈದಾ ಚೀಲ ತಂದು, ಒಗೆದು ಒಣಗಿಸಿ, ಒಗೆದು ಒಣಗಿಸಿ, ಬಟ್ಟೆ ಬಾಣಂತಿ ಕೂಸಿನ ಕೆನ್ನೆಯ ಹಾಗಾಯಿತು. ಇಲಾಸ್ಟಿಕ್ಕಿನ ಬದಲಿಗೆ ಅಜ್ಜ ಹತ್ತಿ ನೂಲು ಹೊಸೆದು ಲಾಡಿ ಮಾಡಿಕೊಟ್ಟು, ಬಲೆಯವರ ಗಂಟೊಂದನ್ನು ಮಗಳಿಗೆ ಕಲಿಸಿದರು. ಕುಣಿದರೂ ಸಡಿಲ ಆಗುವುದಿಲ್ಲ, ತುದಿ ಜಗ್ಗಿದರೆ ಒಂದೇ ಸಲಕ್ಕೆ ಬಿಚ್ಚುತ್ತದೆ.

ಚೀಲದ ಮೇಲೆ ನೀಲಿಯಲ್ಲಿ ಚಂದದ ಚಿತ್ತಾರ ಇತ್ತು. ಎಷ್ಟು ಒಗೆದರೂ ಹೋಗದ ಬಣ್ಣ. ಅದನ್ನು ಹಾಳು ಮಾಡಲು ಮನಸ್ಸಾಗದೆ, ಅಳತೆ ನೋಡಿ, ಆರಕ್ಕೆ ಆರರಲ್ಲೂ ಸರಿಯಾಗಿ ಹಿಂದಿನ ನಡುವಿಗೆ ಬರುವ ಹಾಗೆ ಕತ್ತರಿಸಿ ಹೊಲಿದೆ. ಹೊರಡುವ ಮುಂಚಿನ ದಿನ ಮಗಳ ಎದುರು ಹರಡಿದೆ. ಅವಳು ನೋಡಿ ಅಳಲು ಶುರು ಮಾಡಿದಳು.

"ಅಮ್ಮ, ಇದು ಚಿತ್ತಾರ ಅಲ್ಲ. ಇಂಗ್ಲಿಷ್ ಅಕ್ಷರ."

"ಎಂತ ಅಂತ ಉಂಟು?"

"ಕೊಕ್ಕೆ ಹಾಕಬೇಡಿ ಅಂತ."

ಗೋದಾಮಿನ ಹಮಾಲರಿಗೆ ಹೇಳಿದ್ದಂತೆ ಅದು, ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಚೀಲ ಹರಿಯಬೇಡಿ ಎಂದು. ಟೀಚರ್ ಪೆಟ್ಟಿಗೆ ತೆಗೆದು ನೋಡುತ್ತಾರೆ, ಎಲ್ಲರೂ ನಗುತ್ತಾರೆ, ನಾನು ಹೋಗುವುದೇ ಇಲ್ಲ ಎಂದಳು. ಒಳಗಿನಿಂದ ಅತ್ತೆ, "ನಾನು ಮೊದಲೇ ಹೇಳಿದೆ, ಬೇಡ" ಎಂದರು.

ಅಲ್ಲಿಯವರೆಗೆ "ನೋಡುವ" ಎನ್ನುತ್ತಿದ್ದ ಅಜ್ಜ ಎದ್ದು, ಒಂದು ಚಡ್ಡಿಯನ್ನು ಪಂಚಾಂಗ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಾಯಿಯ ಎದುರು ನಿಂತರು.

"ನೋಡಮ್ಮ, ಅಚ್ಚು ಹಾಕಿಯೇ ಕಳಿಸಿದ್ದಾರೆ. ಇವಳ ದಾರಿಗೆ ಯಾರೂ ಕೊಕ್ಕೆ ಹಾಕಬಾರದು."

ಅತ್ತೆ ಅಚ್ಚಾದದ್ದಕ್ಕೆ ಎದುರು ಮಾತಾಡಿದವರೇ ಅಲ್ಲ. ಬೆರಳಿನಿಂದ ನೀಲಿ ಅಕ್ಷರ ಮುಟ್ಟಿ ನೋಡಿದರು. "ಸರ್ಕಾರದ್ದಾ?" ಎಂದರು. ಅಜ್ಜ ಹೂಂ ಎಂದರು. "ಹಾಗಾದರೆ ಹೋಗಿ ಬರಲಿ." ಅಳುತ್ತಿದ್ದ ಮಗಳು ಸೆರಗಿನ ಮರೆಯಲ್ಲಿ ನಗಲು ಶುರು ಮಾಡಿದಳು. ನಮ್ಮ ಮನೆಯ ಹೆಣ್ಣು ಮಗು ಮೊದಲ ಸಲ ಹೊಸಿಲು ದಾಟಿ ಹೋದದ್ದು ಚಡ್ಡಿಯ ಅಪ್ಪಣೆಯಿಂದ.

೪. ಕಾರ್ಕಳ

ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ, ಪೆಟ್ಟಿಗೆ ಹಾಗೆಯೇ ಹೋಯಿತು. ಏಳು ದಿನವೂ ನನ್ನ ಜೀವ ಅದರೊಳಗೇ ಇತ್ತು. ಕೊನೆಯ ದಿನ ಕರೆತರಲು ನಾವಿಬ್ಬರೂ ಹೋದೆವು. ದಾರಿಯಲ್ಲಿ ಬೆಟ್ಟದ ಮೇಲೆ ಗೊಮ್ಮಟಸ್ವಾಮಿ ಕಂಡದ್ದೇ ಕೈ ಮುಗಿದೆ. ಎಲ್ಲ ಬಿಟ್ಟು ಆಕಾಶದ ಎತ್ತರ ನಿಂತ ಮಹಾನುಭಾವ. ಅವನನ್ನು ನೋಡಲು ಬಂದವರಿಗೆ ಪಟ್ಟಿ ಪ್ರಕಾರ ಆರು ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಶಿಬಿರದ ಅಂಗಳಕ್ಕೆ ಕಾಲಿಟ್ಟರೆ ಎದುರಿಗೇ ಹಗ್ಗ. ಹಗ್ಗದ ಮೇಲೆ ನನ್ನ ಆರೂ ಚಡ್ಡಿಗಳು, ನೀಲಿ ಬರಹ ಲೋಕಕ್ಕೆಲ್ಲ ಕಾಣುವ ಹಾಗೆ ಗಾಳಿಗೆ ಹಾರುತ್ತಿದ್ದವು. ಅಜ್ಜ ಅಭ್ಯಾಸ ಬಲದಿಂದ ಕಣ್ಣು ಕಿರಿದು ಮಾಡಿ, ಯಾವ ಊರಿನ ಬಸ್ಸು ಎಂದು ಓದಲು ಹೊರಟರು. ನಾನು ಅವರ ಅಂಗಿ ಹಿಡಿದು ಎಳೆದೆ.

ಆಗ ಮಣಿಪಾಲದ ಡಾಕ್ಟರೊಬ್ಬರ ಮಗಳು ಓಡಿ ಬಂದು, ಆರರಲ್ಲಿ ಎರಡನ್ನು ತೆಗೆದು ಮಡಚಿ ತನ್ನ ಪೆಟ್ಟಿಗೆಗೆ ಹಾಕಿಕೊಂಡಳು. ಬೆಟ್ಟ ಹತ್ತಿದ ದಿನ ಅವಳ ಇಲಾಸ್ಟಿಕ್ ಸೊಂಟಕ್ಕೆ ಬರೆ ಎಳೆದಿತ್ತಂತೆ. ನನ್ನ ಮಗಳು ಎರಡು ಕೊಟ್ಟಳಂತೆ, ಅಪ್ಪನ ಗಂಟನ್ನೂ ಕಲಿಸಿದಳಂತೆ. ಮೂರನೇ ದಿನಕ್ಕೆ ಶಿಬಿರದ ಹುಡುಗಿಯರೆಲ್ಲ ಆ ಗಂಟು ಕಲಿತಾಗಿತ್ತು.

ಅಷ್ಟರಲ್ಲಿ ಟೀಚರ್ ನನ್ನನ್ನು ಕೈಸನ್ನೆ ಮಾಡಿ ಮರದ ಹಿಂದೆ ಕರೆದರು. ಈಗ ಬೈಗುಳ ಎಂದು ತಲೆ ತಗ್ಗಿಸಿ ಹೋದೆ. ಅವರು ಆಚೆ ಈಚೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಕ್ಕ, ನನಗೂ ಎರಡು ಹೊಲಿದು ಕೊಡುತ್ತೀರಾ?"

"ಅಯ್ಯೋ ಟೀಚರೇ, ಅದಕ್ಕೆಂತ. ನಿಮಗೆ ಬರಹ ಇಲ್ಲದ ಬದಿಯಿಂದ ಹೊಲಿಯುತ್ತೇನೆ."

"ಬೇಡ, ಬರಹ ಇರುವುದೇ ಬೇಕು. ನಮ್ಮ ಹೆಡ್ಮಾಸ್ಟರು ಎಲ್ಲದಕ್ಕೂ ಕೊಕ್ಕೆ ಹಾಕುತ್ತಾರೆ. ನಾನು ಅದರ ಮೇಲೆ ಕೂತೇ ಮೀಟಿಂಗ್ ಮಾಡಬೇಕು."

ಈಗ ಪೆನ್ನು ತೆಗೆ, ಇದನ್ನು ಬರೆ. ಆ ಟೀಚರ್ ಮುಂದೆ ತಾವೇ ಹೆಡ್ಮಿಸ್ಟ್ರೆಸ್ ಆದರು, ಯಾವ ಹುಡುಗಿಗೂ ಕೊಕ್ಕೆ ಹಾಕಲಿಲ್ಲವಂತೆ. ಡಾಕ್ಟರ ಮಗಳು ತಾನೂ ಡಾಕ್ಟರಾದಳು. ಸಡಿಲ ಹತ್ತಿ ಬಟ್ಟೆ ಹಾಕಿ ಎಂದು ಎಲ್ಲರಿಗೂ ಹೇಳುತ್ತಾಳಂತೆ. ಅತ್ತೆ ಮರುವರ್ಷ ತಾವಾಗಿಯೇ, "ಸರ್ಕಾರದ ಚಡ್ಡಿ ಹೊಲಿದಾಯಿತಾ?" ಎಂದು ಕೇಳಿದರು. ಅಜ್ಜ ಕೊನೆಯವರೆಗೂ ಬಟ್ಟೆ ಅಂಗಡಿಯ ಬೋರ್ಡು ಕಂಡರೆ "ಉಡುಪಿ ಬಂತು" ಎನ್ನುತ್ತಿದ್ದರು. ನಿನ್ನ ಅಮ್ಮ ಊರೂರು ತಿರುಗುವ ಕೆಲಸ ಹಿಡಿದಳು, ಪೆಟ್ಟಿಗೆ ತಾನೇ ತುಂಬಿಸುತ್ತಾಳೆ.

ನಾನಾ? ಆಮೇಲೆ ಮಗಳು ನನ್ನ ಬೆರಳು ಹಿಡಿದು ಆ ನೀಲಿ ಅಕ್ಷರಗಳನ್ನು ಒಂದೊಂದಾಗಿ ಕಲಿಸಿದಳು. ಇವತ್ತಿಗೂ ನನಗೆ ಓದಲು ಬರುವುದು ಅದೊಂದೇ ಸಾಲು. ಅದೂ ಇಂಗ್ಲಿಷಿನಲ್ಲಿ.