ಗೋವರ್ಧನ ಶೆಟ್ರ ‘ಲಕ್’

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ತೆಕ್ಕಟ್ಟೆಯ ಗೋವರ್ಧನ ಶೆಟ್ರು ಹೆಂಡತಿ ಪ್ರಭಾವತಿಯ ಎದುರು ಒಂದೇ ಒಂದು ವಾದ ಗೆದ್ದವರಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸುವಾಗ ಗಿರಾಕಿಗಳನ್ನು, ತರಕಾರಿಯವರನ್ನು, ಕೊನೆಗೆ ತಪಾಸಣೆಗೆ ಬಂದ ಸಾಹೇಬರನ್ನೂ ಬರೀ ಮಾತಲ್ಲೇ ಮಣಿಸಿದ ಮಹಾಪುರುಷರು ಇವರು (ಹಾಗಂತ ಅವರೇ ಹೇಳುವುದು, ನಾವೇನು ನೋಡಲು ಹೋಗಿಲ್ಲ). ಮನೆಯಲ್ಲಿ ಮಾತ್ರ ಅವರ ಬಾಯಿ ತೆರೆಯುವುದು ಊಟಕ್ಕೆ ಮತ್ತು ಆಕಳಿಕೆಗೆ.

ಇಂಥವರಿಗೆ ಅರುವತ್ತರ ಹತ್ತಿರ ಬಂದಾಗ ಒಂದು ಬ್ರಹ್ಮಾಸ್ತ್ರ ಸಿಕ್ಕಿತು. ಕೊಟ್ಟವಳು ತಮ್ಮನ ಮಗಳು ಚಂದನಾ. ಕುಂದಾಪುರದ ಕಾಲೇಜಿನಲ್ಲಿ ಅವಳದ್ದೊಂದು ಕಾರ್ಡ್ ಆಟದ ಸಂಘ. ಇಸ್ಪೀಟಲ್ಲ ಮಾರಾಯ್ರೆ! ರಾಕ್ಷಸರು, ಮಾಂತ್ರಿಕರು, ರೆಕ್ಕೆ ಇರುವ ಹಾವು, ಇಂಥವುಗಳ ಚಿತ್ರ ಇರುವ ಟ್ರೇಡಿಂಗ್ ಕಾರ್ಡು. ಪ್ಯಾಕೆಟ್ ಕೊಂಡು, ನನ್ನ ಹಾವು ನಿನಗೆ ನಿನ್ನ ರಾಕ್ಷಸ ನನಗೆ ಅಂತ ಅದಲುಬದಲು ಮಾಡಿಕೊಂಡು ಆಡುವುದು. ಒಂದೊಂದು ಕಾರ್ಡಿನ ಮೇಲೂ ಕನ್ನಡಕಕ್ಕೂ ಸಿಗದಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ನಿಯಮ. ಅದರ ಅರ್ಥಕ್ಕಾಗಿ ಮಕ್ಕಳು ಜುಟ್ಟು ಜುಟ್ಟು ಹಿಡಿದುಕೊಳ್ಳುತ್ತಿದ್ದರು.

"ದೊಡ್ಡಪ್ಪಯ್ಯ, ಇದನ್ನ್ ನಮ್ಮ ಕುಂದಾಪ್ರ ಕನ್ನಡದಂಗೆ ಬರ್ದ್ ಕೊಡಿ. ಆಯ್ತಾರದ ಪಂದ್ಯಕ್ಕೆ ನೀವೇ ತೀರ್ಪುಗಾರ್ರ್" ಅಂದಳು ಚಂದನಾ. ಕೊರಳಿಗೆ ಹಾಕಲು ಒಂದು ಬ್ಯಾಡ್ಜನ್ನೂ ಕೊಟ್ಟಳು. ಮರುದಿನ ಶೆಟ್ರು ಅದನ್ನು ಹಾಕಿಕೊಂಡೇ ಮೀನು ತರಲು ಹೋದರು.

ನಾಲ್ಕು ದಿನ ಜಗಲಿಯಲ್ಲಿ ಕೂತು ತಲೆ ಕೆರೆದು ಅವರು ಕಂಡುಕೊಂಡ ಪರಮಸತ್ಯ ಇಷ್ಟು: ಇಡೀ ಆಟ ನಿಂತಿರುವುದು ಮಾತಿನ ಬಾಲದ ಮೇಲೆ. ‘ಹೋಯ್ಕ್’ ಅಂದರೆ ಹೋಗಲೇಬೇಕು. ‘ಹೋಪುಕಾಗ’ ಅಂದರೆ ಹೋಗಕೂಡದು. ‘ಹೋಯ್ಲಕ್’ ಅಂದರೆ ಆಟಗಾರನ ಮರ್ಜಿ. ಹೋದರೂ ಸೈ, ಬಿಟ್ಟರೂ ಸೈ, ಯಾಕೆ ಅಂತ ಕೇಳುವ ಹಕ್ಕು ಯಾವ ಮಗನಿಗೂ ಇಲ್ಲ.

(ಮದುವೆಯಾದ ಓದುಗರು ಇಲ್ಲಿ ನಗುತ್ತೀರಿ, ಗೊತ್ತು. ಹೆಂಡತಿಯ ಬಾಯಲ್ಲಿ ಬರುವ "ಬೇಕಾರೆ ಹೋಯ್ಲಕ್" ಅನ್ನುವುದಕ್ಕೆ "ಹೊಸ್ತಿಲು ದಾಟಿ ಕಾಣಿ" ಎಂಬ ಒಂದೇ ಅರ್ಥ. ಶೆಟ್ರಿಗೂ ಅದು ಗೊತ್ತಿತ್ತು. ಆದರೆ ಕೊರಳಲ್ಲಿ ಬ್ಯಾಡ್ಜ್ ಬಿದ್ದ ಮೇಲೆ ಮನುಷ್ಯ ಮೊದಲಿನ ಹಾಗೆ ಇರುತ್ತಾನೆಯೇ?)

ತೊಂದರೆ ಏನೆಂದರೆ, ಅದೇ ಆಯ್ತಾರ ಬಿಜೂರಿನಲ್ಲಿ ಪ್ರಭಾವತಿಯ ತಮ್ಮ ಅಶೋಕನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಭಾವ ಇಲ್ಲದೆ ಒಕ್ಕಲೇ? ಆದರೆ ಶೆಟ್ರಿಗೆ ತೀರ್ಪುಗಾರರಾಗಲೇಬೇಕಿತ್ತು. ಜನ್ಮದಲ್ಲಿ ಒಂದು ಸಲವಾದರೂ ಅವರು ಹೇಳಿದ್ದೇ ಕಡೆಯ ಮಾತಾಗಬೇಕಿತ್ತು. ಶುಕ್ರವಾರ ಬೆಳಿಗ್ಗೆ ಧೈರ್ಯ ಮಾಡಿ ಅಡುಗೆಮನೆಗೆ ಹೋದರು. ಪ್ರಭಾವತಿ ಬಂಗುಡೆ ಮೀನು ಕೊಯ್ಯುತ್ತಿದ್ದಳು.

"ಹ್ವಾಯ್, ಆಯ್ತಾರ ನಂಗೆ ಪಂದ್ಯ ಇತ್ತ್. ಬಿಜೂರಿಗೆ..."

"ಪಂದ್ಯಕ್ಕಾ? ಹೋಯ್ಲಕ್."

"ಎಂತ ಹೇಳ್ದೆ? ಇನ್ನೊಂದ್ ಸಲ ಹೇಳ್!"

"ಹೋಯ್ಲಕ್ ಅಂದೆ. ಕೆಮಿ ಕೇಂತಿಲ್ಯಾ?"

ಶೆಟ್ರು ಓಡಿ ಹೋಗಿ ತಾವೇ ಬರೆದ ನಿಯಮದ ಪುಸ್ತಕ ತಂದು ಬಂಗುಡೆಯ ಪಕ್ಕದಲ್ಲೇ ಬಿಡಿಸಿದರು. "ಕಾಣ್, ಮೂರನೇ ಪುಟ. ‘ಲಕ್’ ಅಂದ್ರೆ ಆಟಗಾರನ ಇಷ್ಟ. ಕಡಿಗೆ ಮೋರೆ ದಪ್ಪ ಮಾಡುಕಾಗ. ಪಾತ್ರೆ ಕುಕ್ಕುಕಾಗ. ‘ನಾನೆಂತ ಹೇಳ್ಲಿಲ್ಲೆ ಕಾಣಿ’ ಅಂತ ಹೇಳುಕಾಗ!"

"ಅಕ್ಕ್ ಮಾರಾಯ್ರೆ. ಅಶೋಕಂಗೆ ಫೋನ್ ಮಾಡಿ ನೀವೇ ಹೇಳಿ."

ಹೇಳಿದರು. "ಅಯ್ಯೋ ಅಡ್ಡಿಲ್ಲೆ ಭಾವ, ಅಡ್ಡಿಲ್ಲೆ! ನೀವ್ ಪಂದ್ಯಕ್ಕೇ ಹೋಯ್ನಿ" ಅಂದವನೇ ಅಶೋಕ ಫೋನಿಟ್ಟ. ಹೆಸರಿಗಾದರೂ ಒಂದು ಒತ್ತಾಯ ಬೇಡವೇ? ಶೆಟ್ರಿಗೆ ಮನಸ್ಸಿನೊಳಗೆ ಸಣ್ಣಗೆ ಕಡಿಯಿತು. ಗೆದ್ದವರಿಗೆ ಅದೆಲ್ಲ ಯಾಕೆ ಅಂತ ಸುಮ್ಮನಾದರು.

ಆಯ್ತಾರ ಬೆಳಿಗ್ಗೆ ಪ್ರಭಾವತಿ ಜರಿ ಸೀರೆ ಉಟ್ಟು ಹೊರಟು ನಿಂತಳು. ಬಸ್‌ಸ್ಟ್ಯಾಂಡಿಗೆ ಬಿಡಲು ಗೇಟಿನ ಹತ್ತಿರ ರಿಕ್ಷಾ ಬಂದಿತ್ತು. ಶೆಟ್ರು ಬ್ಯಾಡ್ಜ್ ತೊಟ್ಟು, ಪುಸ್ತಕ ಕಂಕುಳಲ್ಲಿಟ್ಟು, ವಿಜಯೋತ್ಸವದ ಭಾಷಣ ಆರಂಭಿಸಿದರು. "ಕಂಡ್ಯಾ? ಮಾತಿಗೊಂದ್ ನಿಯಮ ಇದ್ರೆ ಮನೆಯಂಗೆ ಗಲಾಟಿಯೇ ಇಲ್ಲೆ."

"ಗಲಾಟಿ ಎಂತಕ್ಕೆ?" ಅಂದಳು ಪ್ರಭಾವತಿ, ಸೆರಗು ಸರಿ ಮಾಡಿಕೊಳ್ಳುತ್ತ. "ಅಶೋಕ ಹೋದ ವಾರವೇ ಫೋನ್ ಮಾಡಿದ್ದ. ‘ಅಕ್ಕಾ, ಒಕ್ಕಲಿಗೆ ಮೈಕ್ ಹೇಳಿದ್ದೆ. ಭಾವ ಅದನ್ನ್ ಕಂಡ್ರೆ ಮುಂಬೈ ಹೋಟ್ಲಿನ ಕತೆ ಶುರು ಮಾಡ್ತ್ರ್, ಜನಕ್ಕೆ ಊಟಕ್ಕೆ ಏಳುಕಾತಿಲ್ಲೆ. ಎಂತಾರೂ ಮಾಡಿ ಮನೆಯಂಗೇ ನಿಲ್ಸ್’ ಅಂದ. ಹೆಂಗೆ ಹೇಳುದ್ ಅಂತ ನಂಗೆ ಅದೇ ಮಂಡೆಬಿಸಿ. ಪುಣ್ಯಾತ್ಮರ್, ನೀವೇ ಬಂದ್ ಕೇಂಡ್ರಿ!"

ಅಯ್ಯೋ ದೇವರೇ! ಇಪ್ಪತ್ತೆಂಟು ವರ್ಷದಲ್ಲಿ ಆಕೆ ಅರ್ಥಕ್ಕೆ ಸರಿಯಾಗಿ ಹೇಳಿದ ಒಂದೇ ಒಂದು ‘ಹೋಯ್ಲಕ್’, ಅದೂ ಇವರನ್ನು ಸಾಗಹಾಕಲಿಕ್ಕೆ. ಶೆಟ್ರ ಮುಖ ಕೆಂಪಗಾಯಿತು. ಅವಮಾನ ಅಂದರೆ ಅವಮಾನ.

"ಹಂಗಾರೆ ನಾನ್ ಬಿಜೂರಿಗೇ ಬತ್ತೆ! ಪಂದ್ಯವೂ ಬ್ಯಾಡ, ಎಂತದೂ ಬ್ಯಾಡ. ಬಂದ್ ಮೈಕೇ ಹಿಡಿತೆ!"

ಪ್ರಭಾವತಿ ರಿಕ್ಷಾ ಹತ್ತಿ ಆರಾಮಾಗಿ ಕೂತಳು. ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಸಣ್ಣಗೆ ನಕ್ಕಳು.

"ಬರ್ಲಕ್."

ಶೆಟ್ರು ರಿಕ್ಷಾದ ಕಡೆಗೆ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಬನ್ನಿ ಅಂದಳೇ? ಬಂದು ಕಾಣಿ ಅಂದಳೇ? ಬಂದರೂ ಒಂದೇ ಬಿಟ್ಟರೂ ಒಂದೇ ಅಂದಳೇ? ತೀರ್ಪುಗಾರರು ಗಡಿಬಿಡಿಯಲ್ಲಿ ಕಂಕುಳಿನ ಪುಸ್ತಕ ತೆಗೆದು ಮೂರನೇ ಪುಟ ಹುಡುಕಿದರು. ಕನ್ನಡಕ ಸರಿ ಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ರಿಕ್ಷಾ ಹೆದ್ದಾರಿ ಸೇರಿಯಾಗಿತ್ತು.