ಬೀಳದೆ ಉಳಿದ ಹೊಡೆತದ ಬಗ್ಗೆ ಡಿಜೆ ಅನಂತರಿಗೊಂದು ಅಹವಾಲು

ಮಾನ್ಯರೇ,

ಮೀಂಜದಲ್ಲಿ ಯೋಗೀಶನಾಗಿ ಹುಟ್ಟಿ, ಈಗ ದುಬಾಯಿಯಲ್ಲಿ 'ಡಿಜೆ ಅನಂತ' ಎಂಬ ಬಿರುದಿನಿಂದ ಟ್ರಾನ್ಸ್ ಎಂಬ ಕುಣಿತದ ಸಂಗೀತದ ಗದ್ದುಗೆಯೇರಿರುವ ತಮಗೆ, ಕುಂಬಳೆಯಲ್ಲಿ ಮೃದಂಗ ಪಾಠ ಹೇಳಿಕೊಂಡಿರುವ ಹರಿನಾರಾಯಣನು ಎರಡೂ ಕೈ ಜೋಡಿಸಿ ಸಲ್ಲಿಸುವ ವಂದನೆಗಳು. ಕೈ ಜೋಡಿಸಿದ್ದು ಗೌರವದಿಂದಲೇ ಆದರೂ, ಬಿಟ್ಟರೆ ಅವು ತಾವಾಗಿಯೇ ತೊಡೆಯ ಮೇಲೆ ತಮ್ಮ ಸಂಗೀತದ ತಾಳ ಹಾಕತೊಡಗುತ್ತವೆ ಎಂಬ ಭಯವೂ ಸ್ವಲ್ಪ ಇದೆ.

ಬದಿಯಡ್ಕದ ನಮ್ಮ ಕಲಾಭಿಮಾನಿ ಬಳಗವು ವರ್ಷಕ್ಕೊಬ್ಬ ಕಲಾವಿದರಿಗೆ ಶಾಲು ಹೊದೆಸುತ್ತದೆ. ಈ ಬಾರಿ ಕಾರ್ಯದರ್ಶಿ ದೀಕ್ಷಿತಾ ತಮ್ಮ ಹೆಸರನ್ನು ಸೂಚಿಸಿದಳು, ಸಮಿತಿ ಸರಿಸಮನಾಗಿ ಎರಡು ಪಾಲಾಯಿತು, ನಿರ್ಣಾಯಕ ಮತ ನನ್ನ ಪಾಲಿಗೆ ಬಂತು. "ಡಿಜೆಗೆ ಎಂತ ಶಾಲು? ಅವ ಗುಂಡಿ ಒತ್ತುವುದಲ್ಲವಾ?" ಎಂದು ನಾನು ಕೇಳಿದ್ದು ನಿಜ. "ಕೇಳಿ, ಮತ್ತೆ ಬೇಡ ಹೇಳಿ ಸರ್. ಕೇಳದೆಯೇ ಬೇಡ ಹೇಳಿದರೆ ಎಂತ ನ್ಯಾಯ ಉಂಟು?" ಎಂದ ದೀಕ್ಷಿತಾ, ತಮ್ಮ 'ಗ್ರೇಟೆಸ್ಟ್ ಹಿಟ್ಸ್' ಸಂಕಲನವನ್ನು ನನ್ನ ಮೊಬೈಲಿಗೆ ತುಂಬಿಸಿಯೇ ಕೊಟ್ಟಳು. ಹಿಟ್ ಎಂದರೆ ಹೊಡೆತ ಎಂದಷ್ಟೇ ತಿಳಿದ ನನಗೆ ಶೀರ್ಷಿಕೆಯ ಮಟ್ಟಿಗೆ ಯಾವ ಮೋಸವೂ ಆಗಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಮನೆಯಲ್ಲಿ ಅದನ್ನು ಹಾಕಿದ ಕೂಡಲೇ ನನ್ನ ಹೆಂಡತಿ ಅನ್ನಪೂರ್ಣೇಶ್ವರಿ ಹಿತ್ತಿಲಿಗೆ ಓಡಿ ಬಾವಿಯ ಪಂಪು ನಿಲ್ಲಿಸಿದಳು. ಸದ್ದು ನಿಲ್ಲಲಿಲ್ಲ. ಗ್ರೈಂಡರ್ ನಿಲ್ಲಿಸಿದಳು, ಆಗಲೂ ನಿಲ್ಲಲಿಲ್ಲ. ಕೊನೆಗೆ ಚಾವಡಿಗೆ ಬಂದು, ಕಣ್ಣು ಮುಚ್ಚಿ ತಲೆದೂಗುತ್ತಿದ್ದ ನನ್ನನ್ನು ಕಂಡು, "ಹೋ, ಇದು ಸಂಗೀತವಾ? ನಾನು ಬೇರಿಂಗ್ ಹೋಯ್ತು ಗ್ರಹಿಸಿದೆ" ಎಂದಳು. ಆದರೆ ಅಲ್ಲಿಯೇ ನಿಂತು ಕೇಳಿದವಳು ಮುಂದುವರಿದು, "ಪಾಪ, ಹುಡುಗ ಎಷ್ಟು ಕ್ರಮದಲ್ಲಿ ಬಾರಿಸ್ತಾನೆ ನೋಡಿ. ನಿಮ್ಮ ಹಾಗೆ ನಡುವಲ್ಲಿ ಕೆಮ್ಮುವುದಿಲ್ಲ" ಎಂಬ ವಿಮರ್ಶೆಯನ್ನೂ ಮಾಡಿದಳು. ನಾನಾದರೋ ಮೊದಲ ಹಾಡಿನ ಪಲ್ಲವಿ ಇನ್ನೇನು ಶುರುವಾಗುತ್ತದೆಂದು ಭಕ್ತಿಯಿಂದ ಕಾದು ಕುಳಿತಿದ್ದಾಗ, ಮೊಬೈಲು ನಾಲ್ಕನೆಯ ಹಾಡು ಮುಗಿಯುತ್ತಾ ಬಂತೆಂದು ತೋರಿಸುತ್ತಿತ್ತು.

ಗಾಬರಿಯಿಂದ ದೀಕ್ಷಿತಾಗೆ ಫೋನು ಮಾಡಿದೆ. "ನೀವು ಡ್ರಾಪ್‌ಗೆ ಕಾಯ್ಬೇಕು ಸರ್. ಏರ್ತಾ ಏರ್ತಾ ಹೋಗಿ ಒಮ್ಮೆ ಎಲ್ಲ ನಿಲ್ತದೆ, ಮತ್ತೆ ದಡಾಂತ ಬೀಳ್ತದೆ. ಅದರಲ್ಲೇ ಇರುವುದು ಎಲ್ಲ" ಎಂದು ತಮ್ಮ ಶಾಸ್ತ್ರದ ಗುಟ್ಟನ್ನು ಹೇಳಿಕೊಟ್ಟಳು. ನನ್ನ ಗ್ರಹಚಾರ ನೆಟ್ಟಗಿರಲಿಲ್ಲ, ಆ ಬೀಳುವಿಕೆಯನ್ನು ಇನ್ನೊಮ್ಮೆ ಗಮನವಿಟ್ಟು ಕೇಳೋಣವೆಂದು ಮರುದಿನ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಅಂದು ನೀರ್ಚಾಲಿನಲ್ಲಿ ಶ್ರೀರಂಜಿನಿಯವರ ಹಾಡುಗಾರಿಕೆಗೆ ನನ್ನದು ಮೃದಂಗ. ಸೀತಾಂಗೋಳಿ ದಾಟುವಾಗ ತಮ್ಮ ಸಂಗೀತವು ಏರತೊಡಗಿತು. ನಾನೂ ಏರಿದೆ, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದೆ. ಕಂಡಕ್ಟರ್ ಕೃಷ್ಣಕುಮಾರ ಓಡಿಬಂದು, "ಎಂತ ಆಯ್ತು ಮಾಶೇ? ನೀರು ಬೇಕಾ?" ಎಂದು ಬೆನ್ನು ತಿಕ್ಕಿದ. "ಬೀಳ್ಳಿಕ್ಕೆ ಉಂಟು ಮಾರಾಯ, ಈಗ ಬೀಳ್ತದೆ" ಎಂದೆ. ಆತ ನನ್ನನ್ನು ಹೇಗೂ ಬೀಳಬಿಡುವುದಿಲ್ಲವೆಂದು ಭುಜ ಹಿಡಿದು ನಿಂತ. ಈ ಗಲಾಟೆಯಲ್ಲಿ ನೀರ್ಚಾಲು ಹಿಂದೆ ಹೋಯಿತು. ಬಸ್ಸು ಬದಿಯಡ್ಕ ತಲುಪಿ, ಸಂಗೀತವೂ ತುತ್ತತುದಿಗೇರಿ, ಎಲ್ಲವೂ ಒಮ್ಮೆಲೇ ನಿಂತ ಆ ಪವಿತ್ರ ಕ್ಷಣದಲ್ಲಿ ಫೋನು ಬಂತು. ಡ್ರಾಪ್ ಬದಲಿಗೆ ಕಿವಿಗೆ ಬಿದ್ದದ್ದು ಶ್ರೀರಂಜಿನಿಯವರ ಧ್ವನಿ: "ಎಲ್ಲಿದ್ದೀರಿ? ಜನ ಬಂದು ಕೂತಾಯ್ತು!"

ಜೀಪು ಹಿಡಿದು ಹಿಂದಿರುಗಿ, ಬೆವರು ಒರೆಸದೆ ವೇದಿಕೆ ಹತ್ತಿದೆ. ಕಛೇರಿ ಹೇಗೋ ನಡೆಯಿತು. ಆದರೆ ಮೃದಂಗದವನಿಗೆ ಒಬ್ಬನೇ ನುಡಿಸಲು ಬಿಟ್ಟುಕೊಡುವ ತನಿ ಆವರ್ತನ ಬಂದಾಗ, ಬಸ್ಸಿನಲ್ಲಿ ಬೀಳದೆ ಉಳಿದದ್ದು ಬೆರಳಿಗೆ ಇಳಿಯಿತು. ಏರಿಸಿದೆ, ಇನ್ನೂ ಏರಿಸಿದೆ, ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿ ಕೈಯನ್ನು ಗಾಳಿಯಲ್ಲಿ ಎತ್ತಿಹಿಡಿದೆ. ಮಾನ್ಯರೇ, ತನಿ ಶುರುವಾದೊಡನೆ ಕಾಫಿಗೆಂದು ಎದ್ದು ಹೋಗುವವರು ಬಾಗಿಲಲ್ಲೇ ನಿಂತರು. ಮಾತಾಡುತ್ತಿದ್ದವರು ಬಾಯಿ ತೆರೆದೇ ಉಳಿದರು. ನನ್ನ ಮುಂದಿನ ಹೊಡೆತಕ್ಕಾಗಿ ಒಂದು ಸಭೆ ಹಾಗೆ ಕಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ತನಿ ಮುಗಿಯಿತೆಂದು ತಿಳಿದ ಶ್ರೀರಂಜಿನಿಯವರು ಪಲ್ಲವಿ ಎತ್ತಿಕೊಂಡರು. ಜನ ಕಾಫಿಗೆ ಹೋದರು. ನನ್ನ ಕೈ ಮೇಲೆಯೇ ಉಳಿಯಿತು.

ಅಂದಿನಿಂದ ಆ ಹೊಡೆತ ನನ್ನ ಬಲ ಹೆಗಲಿನಲ್ಲಿ ಸಿಕ್ಕಿಕೊಂಡಿದೆ, ಎಣ್ಣೆ ತಿಕ್ಕಿದರೂ ಇಳಿಯದು. ಆದುದರಿಂದ ತಾವು ದಯಮಾಡಿ ಕುಂಬಳೆಗೆ ಬಂದು, ನಮ್ಮ ಚಾವಡಿಯಲ್ಲಿ ಕುಳಿತು, ಅದನ್ನು ಖುದ್ದಾಗಿ ಬೀಳಿಸಿಕೊಡಬೇಕು. ಅದು ಸಾಧ್ಯವಿಲ್ಲವಾದರೆ ತಮ್ಮ ಸಕಲ ಡ್ರಾಪ್‌ಗಳೂ ನೀರ್ಚಾಲು ಸ್ಟಾಪಿಗೆ ಮುಂಚೆ ಬೀಳುವಂತೆ ವ್ಯವಸ್ಥೆ ಮಾಡಬೇಕು, ಬಸ್ಸಿನ ವೇಗದ ಬಗ್ಗೆ ಕೃಷ್ಣಕುಮಾರನೊಡನೆ ನಾನೇ ಮಾತಾಡುತ್ತೇನೆ. ಹಾಗೆಯೇ ಹಾಡುಗಳ ನಡುವೆ ಒಮ್ಮೆಯಾದರೂ ಕೆಮ್ಮಿದರೆ ಒಂದು ಮುಗಿದದ್ದು ತಿಳಿಯುತ್ತದೆ, ನಮ್ಮ ಮನೆಯಲ್ಲಿ ನನ್ನ ಮಾನವೂ ಉಳಿಯುತ್ತದೆ.

ಸಂಕಲನದ ಬಗ್ಗೆ ನನ್ನ ತೀರ್ಪು ಹೀಗಿದೆ: ರಾಗವಿಲ್ಲ, ಸಾಹಿತ್ಯವಿಲ್ಲ, ತಾಳವೊಂದೇ, ಅದೂ ಒಂದೇ. ಮತವನ್ನು ತಮಗೇ ಹಾಕಿದ್ದೇನೆ. ಕೈ ಎತ್ತಿ ಮತ ಹಾಕುವ ಪದ್ಧತಿಯಾದ್ದರಿಂದ ನನ್ನ ಕೈ ಮೊದಲೇ ಮೇಲಿತ್ತು ಎಂದು ಸಮಿತಿಯವರು ಹೇಳಿಕೊಂಡು ತಿರುಗುತ್ತಿದ್ದಾರೆ, ನಂಬಬೇಡಿ. ಕಾಫಿಗೆ ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸುವ ವಿದ್ಯೆಗೆ ಒಂದು ಶಾಲು ಹೆಚ್ಚಲ್ಲ.

ಹೆಗಲುನೋವಿನ ನಡುವೆಯೂ,
ತಮ್ಮ ವಿಶ್ವಾಸಿ,
ಹರಿನಾರಾಯಣ, ಕುಂಬಳೆ

ವಿ.ಸೂ.: ಶಾಲಿನ ಶುಭವಾರ್ತೆ ತಿಳಿಸಲು ಮೀಂಜದಲ್ಲಿ ತಮ್ಮ ತಾಯಿ ಲೋಲಾಕ್ಷಿಯಮ್ಮನವರನ್ನು ಕಂಡೆ. "ಅಯ್ಯೋ, ಅವ ದುಬಾಯಿಯಲ್ಲಿ ಎಸಿ ರಿಪೇರಿ ಅಂತ ನಾನು ಊರಿಗೆಲ್ಲ ಹೇಳಿಯಾಗಿದೆಯಲ್ಲ!" ಎಂದು ತಲೆಗೆ ಕೈಯಿಟ್ಟರು. ಆದುದರಿಂದ ಬರುವಾಗ ಒಂದು ಸ್ಕ್ರೂಡ್ರೈವರ್ ತರುವುದನ್ನು ಮರೆಯಬೇಡಿ. ತಾವು ಬರುವ ಸುದ್ದಿ ಕೇಳಿ ಅವರ ಪಕ್ಕದ ಮನೆಯವರು ಎಸಿ ಬಿಚ್ಚಿಟ್ಟು ಕಾಯುತ್ತಿದ್ದಾರೆ.